ಸಂಪಾದಕರ ಉತ್ತರ: ಎರವಲು ತಂದದ್ದು ದನಿಯನ್ನೋ, ಶಿಸ್ತನ್ನೋ?

ಮಾನ್ಯರೇ,

ನ್ಯೂಯಾರ್ಕಿನ ನೇಕೆಡ್ ಸಿಟಿ ತಂಡವನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಲೇಖನದಲ್ಲಿ ಹೆಸರಿಸಿದ್ದ ಧ್ವನಿಮುದ್ರಿಕೆಯನ್ನು ಹುಡುಕಿ, ಪೂರ್ತಿ ಕೇಳಿ, ಆಮೇಲೆ ಬರೆದಿದ್ದೀರಿ ಎಂಬುದು ಪತ್ರದ ಪ್ರತಿಯೊಂದು ಸಾಲಿನಲ್ಲಿಯೂ ತಿಳಿಯುತ್ತದೆ; ಅಂಥವರಿಗೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸುವುದು ಸರಿಯಲ್ಲ. ಪತ್ರವನ್ನು ಇಡಿಯಾಗಿ ಅಚ್ಚು ಮಾಡಲು ಸ್ಥಳ ಸಾಲದಾದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಜಾಝ್, ರಾಕ್, ಸಿನಿಮಾ ಸಂಗೀತ, ಕಿರುಚಾಟ ಎಲ್ಲವನ್ನೂ ಒಂದೇ ನಿಮಿಷದೊಳಗೆ ತುರುಕುವವರಿಗೆ ಇವುಗಳಲ್ಲಿ ಯಾವುದರ ಶಿಸ್ತೂ ಬೇಕಾಗಿಲ್ಲ, ಒಂದನ್ನು ನೆಟ್ಟಗೆ ಕಲಿಯಲಾರದವರು ಹತ್ತನ್ನು ಬೆರೆಸುತ್ತಾರೆ ಎಂಬುದು ತಮ್ಮ ಮೊದಲ ಆಕ್ಷೇಪ. ಇಂಥ ಸಂಗೀತದಲ್ಲಿ ಕಿವಿ ನಿಲ್ಲುವುದಕ್ಕೆ ಒಂದು ನೆಲೆಯೇ ಇಲ್ಲ ಎಂಬುದು ಎರಡನೆಯದು. ಬೇರೆಯವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಂಗೀತದಿಂದ ತಮಗೆ ಬೇಕಾದ ತುಣುಕನ್ನು ಎತ್ತಿಕೊಂಡು ಅದನ್ನು ಪ್ರಯೋಗವೆಂದು ಕರೆಯುವುದು ಅನ್ಯಾಯ ಎಂಬುದು ಮೂರನೆಯದು. ಕೊನೆಗೆ, ಪ್ರಯೋಗಶೀಲ ಸಂಗೀತಕ್ಕೆ ಮೀಸಲಾದ ಆ ಅಂಕಣವನ್ನೇ ನಿಲ್ಲಿಸಬೇಕೆಂದು ಕೇಳಿದ್ದೀರಿ.

ಮೊದಲ ಆಕ್ಷೇಪದಲ್ಲಿ ಬಹಳಷ್ಟು ನಿಜವಿದೆ. ಪ್ರಕಾರಗಳನ್ನು ಬೆರೆಸಿದ ಸಂಗೀತವೆಂದು ನಮ್ಮ ಮುಂದೆ ಬರುವುದರಲ್ಲಿ ಹೆಚ್ಚಿನ ಪಾಲು ಬರಿಯ ಅಲಂಕಾರ. ಸಾಧಾರಣವಾದ ರಾಕ್ ಹಾಡಿನ ನಡುವೆ ಸಿತಾರಿನ ನಾಲ್ಕು ಮೀಟುಗಳನ್ನು ಸೇರಿಸಿದರೆ, ಅಥವಾ ಕುಣಿತದ ತಾಳದ ಮೇಲೆ ಯಾವುದೋ ದೂರದ ನಾಡಿನ ಜನಪದ ದನಿಯ ಚೂರನ್ನು ಅಂಟಿಸಿದರೆ, ಹಾಡಿನ ಕಟ್ಟು ಎಲ್ಲಿಯೂ ಅಲುಗುವುದಿಲ್ಲ. ಆ ಚೂರನ್ನು ಕಿತ್ತು ಇನ್ನೊಂದನ್ನು ಇಟ್ಟರೂ ಹಾಡು ಅದೇ ನಡೆಯಲ್ಲಿ ಸಾಗುತ್ತದೆ. ಇಂಥದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಳೆದ ಮುಕ್ಕಾಲು ಶತಮಾನದಲ್ಲಿ ಗಡಿ ದಾಟಿದ ಸಂಗೀತದ ಪೈಕಿ ಇಂದಿಗೂ ಜೀವಂತವಾಗಿ ಉಳಿದಿರುವುದನ್ನು ಕೇಳುತ್ತ ಹೋದರೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ಅಲ್ಲಿ ಒಂದು ಪ್ರಕಾರವು ಇನ್ನೊಂದರಿಂದ ತೆಗೆದುಕೊಂಡದ್ದು ಅದರ ಹೊರದನಿಯನ್ನಲ್ಲ, ಅದು ಕೆಲಸ ಮಾಡುವ ಕ್ರಮವನ್ನು. ಹೊರದನಿಯನ್ನು ಒಂದು ಮಧ್ಯಾಹ್ನದಲ್ಲಿ ನಕಲು ಮಾಡಬಹುದು. ಕ್ರಮವನ್ನು ತರಬೇಕಾದರೆ ಕಲಿತದ್ದನ್ನು ಸ್ವಲ್ಪ ಮರೆತು ಮೊದಲಿನಿಂದ ಕಲಿಯಬೇಕಾಗುತ್ತದೆ. ಹಾಗೆ ಕಲಿತವರ ಸಂಗೀತವನ್ನೂ ಅಂಟಿಸಿದವರ ಸಂಗೀತವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದೇ ನನ್ನ ಉತ್ತರದ ಮುಖ್ಯ ಮಾತು.

ಪ್ಯಾರಿಸ್ಸಿನಿಂದ ಆರಂಭಿಸುತ್ತೇನೆ. ಫ್ರೆಂಚ್ ರೇಡಿಯೋದಲ್ಲಿ ಇಂಜಿನಿಯರಾಗಿದ್ದ ಪಿಯರ್ ಶೆಫೆರ್ 1948ರಲ್ಲಿ ಬಾತಿನ್ಯೋಲ್ ನಿಲ್ದಾಣದ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು, ಮೂರು ನಿಮಿಷಕ್ಕೂ ಕಡಿಮೆ ಅವಧಿಯ ರಚನೆಯೊಂದನ್ನು ಕಟ್ಟಿದರು; ಅದು ಆ ವರ್ಷದ ಅಕ್ಟೋಬರ್ 5ರಂದು ಪ್ರಸಾರವಾಯಿತು. ಅವರು ಆಗ ಕೆಲಸ ಮಾಡುತ್ತಿದ್ದುದು ಟೇಪಿನ ಮೇಲಲ್ಲ, ತಟ್ಟೆಗಳ ಮೇಲೆ. ತಟ್ಟೆಯ ಗೀರು ಸುರುಳಿಯಾಗಿ ಒಳಕ್ಕೆ ಸಾಗುವ ಬದಲು ತನ್ನ ತುದಿಯನ್ನು ತಾನೇ ಸೇರುವಂತೆ ಕೊರೆದರೆ ಒಂದೆರಡು ಕ್ಷಣದ ಸದ್ದು ಮರಳಿ ಮರಳಿ ಕೇಳುತ್ತದೆ, ಮತ್ತು ಹಾಗೆ ಕೇಳುತ್ತ ಕೇಳುತ್ತ ಅದು ರೈಲಿನ ಸದ್ದು ಎಂಬುದು ಮನಸ್ಸಿನಿಂದ ಅಳಿಸಿಹೋಗಿ ಅದರ ಲಯ, ಅದರ ಮೈಬಣ್ಣ ಮಾತ್ರ ಉಳಿಯುತ್ತದೆ. ಗಂಟೆಯ ನಾದದಿಂದ ಬಡಿತದ ಕ್ಷಣವನ್ನು ಕತ್ತರಿಸಿ ತೆಗೆದಾಗ ಉಳಿದ ಭಾಗ ಗಂಟೆಯದೆಂದು ಗುರುತಾಗದೆ ಊದುವಾದ್ಯದ ದನಿಗೆ ಹತ್ತಿರವಾಗಿ ಕೇಳಿದ್ದನ್ನು ಅವರು ಗಮನಿಸಿದರು. ಮೇಲುನೋಟಕ್ಕೆ ಇವು ಯಂತ್ರದ ಚಮತ್ಕಾರಗಳಂತೆ ಕಾಣಬಹುದು. ವಾಸ್ತವವಾಗಿ ಇಲ್ಲಿ ಹುಟ್ಟಿದ್ದು ಕೇಳುವ ಒಂದು ಹೊಸ ಶಿಸ್ತು: ಸದ್ದು ಎಲ್ಲಿಂದ ಬಂತು ಎಂಬುದನ್ನು ಬದಿಗಿಟ್ಟು, ಅದು ಹೇಗೆ ಹುಟ್ಟಿ ಹೇಗೆ ಬೆಳೆದು ಹೇಗೆ ಅಡಗುತ್ತದೆ ಎಂಬುದನ್ನು ಮಾತ್ರ ಕೇಳುವುದು. ಮುಂದೆ ಹೇಳುವ ಸಂಗೀತಗಾರರಲ್ಲಿ ಅನೇಕರಿಗೆ ಈ ಶಿಸ್ತು ನೇರವಾಗಿಯೋ ಸುತ್ತುಬಳಸಿಯೋ ತಲುಪಿತು.

ಜರ್ಮನಿಯ ಕಲೋನ್ ನಗರದ ರೇಡಿಯೋ ಸ್ಟುಡಿಯೋದಲ್ಲಿ ರಚನಕಾರ ಕಾರ್ಲ್‌ಹೈಂಟ್ಸ್ ಸ್ಟಾಕ್‌ಹೌಸೆನ್ 1956ರಲ್ಲಿ ಪೂರ್ಣಗೊಳಿಸಿದ ರಚನೆಯಲ್ಲಿ ಬಾಲಕನೊಬ್ಬನ ಹಾಡುವ ದನಿಯೂ ಯಂತ್ರದಿಂದ ಹುಟ್ಟಿದ ಸ್ವರಗಳೂ ಒಂದರೊಳಗೊಂದು ಕರಗಿ, ಎಲ್ಲಿ ಕಂಠ ಮುಗಿದು ಎಲ್ಲಿ ಯಂತ್ರ ತೊಡಗಿತೆಂದು ಹೇಳಲಾಗದಂತೆ ಬೆಸೆದುಕೊಂಡವು. ಅದೇ ಸ್ಟಾಕ್‌ಹೌಸೆನ್ ಬಳಿ 1960ರ ದಶಕದಲ್ಲಿ ಕಲಿತವರಲ್ಲಿ ಹೋಲ್ಗರ್ ಚುಕಾಯ್, ಇರ್ಮಿನ್ ಸ್ಮಿತ್ ಎಂಬ ಇಬ್ಬರಿದ್ದರು. ಅವರು 1968ರಲ್ಲಿ ಕಲೋನಿನಲ್ಲಿಯೇ ಕ್ಯಾನ್ ಎಂಬ ತಂಡ ಕಟ್ಟಿದಾಗ ಜೊತೆಗೂಡಿದ ಡ್ರಮ್ ವಾದಕ ಯಾಕಿ ಲೀಬೆಟ್ಸೈಟ್, ಲಯದ ಯಾವ ಕಟ್ಟನ್ನೂ ಒಪ್ಪದ ಸ್ವಚ್ಛಂದ ಜಾಝ್ ನುಡಿಸಿ ಬಂದವರು. ಆದರೆ ಕ್ಯಾನ್ ತಂಡದಲ್ಲಿ ಅವರು ಆ ಸ್ವಾತಂತ್ರ್ಯವನ್ನು ಪೂರ್ತಿ ಬಿಟ್ಟುಕೊಟ್ಟು, ಒಂದೇ ಆವರ್ತವನ್ನು ಕೂದಲೆಳೆಯಷ್ಟೂ ಜಾರದಂತೆ ಹದಿನೆಂಟು ನಿಮಿಷ ನುಡಿಸುವ ಕಠಿಣ ವ್ರತಕ್ಕೆ ಒಪ್ಪಿಸಿಕೊಂಡರು. 1971ರ 'ಟಾಗೋ ಮಾಗೋ' ಧ್ವನಿಮುದ್ರಿಕೆಯಲ್ಲಿ ಒಂದು ಬದಿಯನ್ನು ಪೂರ್ತಿ ತುಂಬಿರುವ ರಚನೆಯೇ ಅದಕ್ಕೆ ಸಾಕ್ಷಿ. ತಂಡ ಗಂಟೆಗಟ್ಟಲೆ ಮನೋಧರ್ಮಕ್ಕೆ ಬಂದಂತೆ ನುಡಿಸುತ್ತಿತ್ತು. ಚುಕಾಯ್ ಆ ಟೇಪನ್ನು ಕತ್ತರಿಸಿ ಜೋಡಿಸಿ ರಚನೆಯನ್ನು ಹೊರತೆಗೆಯುತ್ತಿದ್ದರು. ಹೀಗೆ ರೇಡಿಯೋ ಪ್ರಯೋಗಶಾಲೆಯ ಕತ್ತರಿ ರಾಕ್ ಸಂಗೀತಕ್ಕೆ ಬಂತು, ಕತ್ತರಿಸಿದರೂ ಮುರಿಯದ ಲಯವನ್ನು ಜಾಝ್‌ನಿಂದ ಬಂದ ಕೈ ಕೊಟ್ಟಿತು. ಇಲ್ಲಿ ಸ್ಟಾಕ್‌ಹೌಸೆನ್ನರ ದನಿಯಂತೆ ಕೇಳುವುದು ಅಲ್ಪವೇ; ಅವರಲ್ಲಿ ಕಲಿತ ಕ್ರಮ ಮಾತ್ರ ಎಲ್ಲೆಲ್ಲೂ ಇದೆ. ಒಂದನ್ನೂ ನೆಟ್ಟಗೆ ಕಲಿಯದವರು ಎಂಬ ತಮ್ಮ ಮಾತನ್ನು ಇವರ ಮುಂದಿಟ್ಟು ನೋಡಿ. ಎರಡು ಶಾಲೆಗಳಲ್ಲಿ ಆಳವಾಗಿ ಕಲಿತು, ಎರಡರಲ್ಲಿಯೂ ತಾವು ಗಳಿಸಿದ ಸುಲಭದ ಹೆಮ್ಮೆಯನ್ನು ಬಿಟ್ಟವರು ಅವರು.

ಅಟ್ಲಾಂಟಿಕ್ ಸಾಗರದ ಆ ಕಡೆಯಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬೇರೊಂದು ದಾರಿಯಿಂದ ಇದೇ ಜಾಗಕ್ಕೆ ಬಂದರು. 1969ರ ಆಗಸ್ಟ್ 19ರಿಂದ 21ರವರೆಗೆ ನ್ಯೂಯಾರ್ಕಿನಲ್ಲಿ ಮುದ್ರಿಸಿದ 'ಬಿಚಸ್ ಬ್ರೂ'ವನ್ನು ಜಾಝ್ ಮತ್ತು ರಾಕ್ ಸೇರಿದ ಘಟನೆಯೆಂದು ಸಾಮಾನ್ಯವಾಗಿ ಬಣ್ಣಿಸುತ್ತಾರೆ. ವಿದ್ಯುತ್ ಗಿಟಾರು, ವಿದ್ಯುತ್ ಪಿಯಾನೋ, ಒಂದಕ್ಕಿಂತ ಹೆಚ್ಚು ಡ್ರಮ್ ವಾದಕರು ಇದ್ದುದು ನಿಜ. ಆದರೆ ನನ್ನ ಕಿವಿಗೆ ಅದರ ನಿಜವಾದ ಸಾಹಸ ಇರುವುದು ವಾದ್ಯಗಳ ಆಯ್ಕೆಯಲ್ಲಲ್ಲ, ನಿರ್ಮಾಪಕ ಟಿಯೋ ಮಸೆರೋ ಅವರ ಮೇಜಿನ ಮೇಲೆ. ನ್ಯೂಯಾರ್ಕಿನ ಜೂಲಿಯರ್ಡ್ ಸಂಗೀತಶಾಲೆಯಲ್ಲಿ ರಚನಾಶಾಸ್ತ್ರ ಕಲಿತು, ಸ್ವತಃ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಮಸೆರೋ, 'ಫೇರೋಸ್ ಡ್ಯಾನ್ಸ್' ಎಂಬ ಇಪ್ಪತ್ತು ನಿಮಿಷದ ರಚನೆಯ ಟೇಪನ್ನು 19 ಕಡೆ ಕತ್ತರಿಸಿ ಜೋಡಿಸಿದರು. ಜಾಝ್ ಎಂದರೆ ಆ ಗಳಿಗೆಯಲ್ಲಿ ನುಡಿಸಿದ್ದು ನುಡಿಸಿದಂತೆಯೇ ಉಳಿಯಬೇಕೆಂಬ ನಂಬಿಕೆಯಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವಾಗಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಮುದ್ರಿಸಿದ 'ಇನ್ ಎ ಸೈಲೆಂಟ್ ವೇ'ಯ ಎರಡನೆಯ ಬದಿಯಲ್ಲಿ ಆರಂಭದ ನಾಲ್ಕು ನಿಮಿಷಗಳ ಅದೇ ಟೇಪು ಕೊನೆಯಲ್ಲಿ ಮತ್ತೆ ಬರುತ್ತದೆ. ಅದನ್ನು ಯಾರೂ ಎರಡನೆಯ ಸಲ ನುಡಿಸಿಲ್ಲ. ಆದರೂ ನಡುವಿನ ಹುರುಪಿನ ಭಾಗವನ್ನು ಕೇಳಿ ಬಂದ ಕಿವಿಗೆ ಅವೇ ಸ್ವರಗಳು ಬೇರೆಯಾಗಿ ಕೇಳುತ್ತವೆ.

ಡೇವಿಸ್ 1972ರಲ್ಲಿ ಇನ್ನೂ ಮುಂದೆ ಹೋದರು. 'ಆನ್ ದ ಕಾರ್ನರ್' ಧ್ವನಿಮುದ್ರಿಕೆಯಲ್ಲಿ ಬಾದಲ್ ರಾಯ್ ಅವರ ತಬಲಾ ಇದೆ, ಸಿತಾರ್ ಇದೆ, ಫಂಕ್ ಎಂಬ ಕುಣಿತದ ಸಂಗೀತದ ಗಟ್ಟಿ ನಡೆಯಿದೆ, ಸ್ಟಾಕ್‌ಹೌಸೆನ್ನರನ್ನು ಕೇಳಿಸಿಕೊಂಡ ಪರಿಣಾಮವೂ ಇದೆ. ಅದು ಬಂದಾಗ ಜಾಝ್ ವಿಮರ್ಶಕರಲ್ಲಿ ಹಲವರು ಕಟುವಾಗಿ ಖಂಡಿಸಿದರು. ಅವರ ಮಾತುಗಳು ತಮ್ಮ ಪತ್ರದ ಮಾತುಗಳಿಗೆ ಬಹಳ ದೂರವಾಗಿರಲಿಲ್ಲ. ಅದರಲ್ಲಿನ ತಬಲಾವನ್ನು ಗಮನವಿಟ್ಟು ಕೇಳಬೇಕೆಂದು ತಮ್ಮನ್ನು ವಿನಂತಿಸುತ್ತೇನೆ. ಅಲ್ಲಿ ಅದು ಪರಿಮಳಕ್ಕೆ ಚಿಮುಕಿಸಿದ ದನಿಯಲ್ಲ. ಡ್ರಮ್, ಬೇಸ್, ತಬಲಾ ಮೂರೂ ಒಂದೇ ಲಯಯಂತ್ರದ ಬೇರೆ ಬೇರೆ ಹಲ್ಲುಗಳಾಗಿ ತಿರುಗುತ್ತವೆ. ಯಾವುದನ್ನು ಹೊರತೆಗೆದರೂ ಉಳಿದವು ಮುಗ್ಗರಿಸುತ್ತವೆ. ಸಿತಾರಿನ ವಿಷಯದಲ್ಲಿ ಇಷ್ಟೇ ವಿಶ್ವಾಸದಿಂದ ಹೇಳಲಾರೆ. ಅದು ಕೆಲವೆಡೆ ಬಣ್ಣವಾಗಿ ಮಾತ್ರ ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಒಂದೇ ಧ್ವನಿಮುದ್ರಿಕೆಯೊಳಗೆ ಶಿಸ್ತೂ ಅಲಂಕಾರವೂ ಅಕ್ಕಪಕ್ಕದಲ್ಲಿ ಇರಬಲ್ಲವು.

ಶ್ರುತಿಯ ಕಥೆಯನ್ನು ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ, ಏಕೆಂದರೆ ನೆಲೆಯಿಲ್ಲವೆಂಬ ತಮ್ಮ ಎರಡನೆಯ ಆಕ್ಷೇಪಕ್ಕೆ ಅದು ನೇರವಾಗಿ ಸಂಬಂಧಿಸಿದೆ. 1960ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ರಚನಕಾರ ಲಾ ಮಾಂಟೆ ಯಂಗ್ ತಮ್ಮ ಸಂಗಾತಿಗಳ ಜೊತೆ ಕೆಲವೇ ಸ್ವರಗಳನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಸಂಗೀತವನ್ನು ಅಭ್ಯಾಸ ಮಾಡುತ್ತಿದ್ದರು. ಆ ಮೇಳದಲ್ಲಿದ್ದ ಜಾನ್ ಕೇಲ್ ತಮ್ಮ ವಯೋಲಾದ ಕುದುರೆಯನ್ನು ಚಪ್ಪಟೆ ಮಾಡಿ, ಗಿಟಾರ್ ಮತ್ತು ಮ್ಯಾಂಡೋಲಿನ್ ತಂತಿಗಳನ್ನು ಬಿಗಿದು, ಒಂದಕ್ಕಿಂತ ಹೆಚ್ಚು ತಂತಿಗಳನ್ನು ಒಟ್ಟಿಗೆ ಕಮಾನಿನಿಂದ ಉಜ್ಜಿ ದಟ್ಟವಾದ ನಾದವನ್ನು ಹೊರಡಿಸುತ್ತಿದ್ದರು. ಅದೇ ವಯೋಲಾ 1967ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಗಿಟಾರುಗಳ ಅಡಿಯಲ್ಲಿ ಮೊಳಗಿತು. ರಾಕ್ ಹಾಡಿನಲ್ಲಿ ಸಾಮಾನ್ಯವಾಗಿ ಸ್ವರಸಮೂಹಗಳು ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹಾಡನ್ನು ಮುಂದೆ ತಳ್ಳುತ್ತವೆ. ಈ ಹಾಡುಗಳಲ್ಲಿ ಅಡಿಯ ನಾದ ಸರಿಯದೆ ನಿಂತುಬಿಡುವುದರಿಂದ, ಕೇಳುವವರು ಮುಂದೇನು ಎಂದು ಕಾಯುವುದನ್ನು ಬಿಟ್ಟು ಇರುವ ನಾದದ ಒಳಕ್ಕೆ ಇಳಿಯಬೇಕಾಗುತ್ತದೆ. ನೆಲೆಯಿಲ್ಲದಿರುವುದು ದೂರದ ಮಾತು, ನೆಲೆಯೇ ಇಲ್ಲಿ ಸಂಗೀತವಾಗಿದೆ.

ಯಂಗ್, ಅವರಂತೆಯೇ ರಚನಕಾರರಾದ ಟೆರ್ರಿ ರೈಲಿ ಮೊದಲಾದವರು 1970ರಿಂದ ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರಲ್ಲಿ ಶಿಷ್ಯವೃತ್ತಿ ಮಾಡಿದರು. ಆ ಶಿಷ್ಯರ ಪೈಕಿ ನನಗೆ ಅತ್ಯಂತ ಮುಖ್ಯರೆನಿಸುವವರು ಟ್ರಂಪೆಟ್ ವಾದಕ ಜಾನ್ ಹ್ಯಾಸೆಲ್. ಕಲೋನಿನಲ್ಲಿ ಸ್ಟಾಕ್‌ಹೌಸೆನ್ ತರಗತಿಯಲ್ಲಿ ಚುಕಾಯ್ ಮತ್ತು ಸ್ಮಿತ್ ಅವರ ಸಹಪಾಠಿಯಾಗಿದ್ದ ಹ್ಯಾಸೆಲ್, ಪ್ರಾಣನಾಥರ ಬಳಿಗೆ ಬಂದಾಗ ಒಂದು ಕಷ್ಟವನ್ನು ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಸ್ವರದಿಂದ ಸ್ವರಕ್ಕೆ ಎಲ್ಲಿಯೂ ಕಡಿಯದೆ ಜಾರುವ ಗಾಯನದ ಮೀಂಡನ್ನು, ಮೂರು ಗುಂಡಿಗಳನ್ನು ಒತ್ತಿ ಬಿಡಿ ಬಿಡಿಯಾಗಿ ಸ್ವರ ತೆಗೆಯುವ ಟ್ರಂಪೆಟ್ಟಿನಲ್ಲಿ ಹೊರಡಿಸುವುದು ಹೇಗೆ? ಅದಕ್ಕಾಗಿ ಅವರು ತುಟಿ ಮತ್ತು ಉಸಿರಿನ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾಯಿತು. ಫಲವಾಗಿ ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೋ ಜೊತೆ 1980ರಲ್ಲಿ ತಂದ 'ಪಾಸಿಬಲ್ ಮ್ಯೂಸಿಕ್ಸ್' ಮೊದಲಾದ ಧ್ವನಿಮುದ್ರಿಕೆಗಳಲ್ಲಿ ಟ್ರಂಪೆಟ್ ಎಂದು ನಂಬಲಾಗದ, ಉಸಿರೇ ಹಾಡುತ್ತಿದೆ ಎನ್ನಿಸುವ ದನಿ ಹುಟ್ಟಿತು. ಕಸಿ ಕಟ್ಟಿದ ಗಿಡದಲ್ಲಿ ಹೊಸ ಕೊಂಬೆ ಹಳೆಯ ಬೇರಿನ ರಸವನ್ನೇ ಉಂಡು ಬೆಳೆಯುವಂತೆ, ಇಲ್ಲಿ ಗಾಯನದ ಶಿಸ್ತು ಲೋಹದ ವಾದ್ಯದೊಳಗೆ ಬೇರು ಹಿಡಿದಿದೆ. ಸಿತಾರನ್ನೋ ತಂಬೂರಿಯನ್ನೋ ಪಕ್ಕದಲ್ಲಿ ಇಟ್ಟುಕೊಂಡು ಅದೇ ಭಾವ ತರಲು ಅವರು ಯತ್ನಿಸಿದ್ದರೆ ನಾನು ತಮ್ಮ ಪಕ್ಷವನ್ನೇ ವಹಿಸುತ್ತಿದ್ದೆ.

ಈಗ ತಮ್ಮನ್ನು ಕೆರಳಿಸಿದ ನೇಕೆಡ್ ಸಿಟಿಗೆ ಬರುತ್ತೇನೆ. 1990ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಕೆಲವು ರಚನೆಗಳು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ, ಅಷ್ಟರೊಳಗೆ ಶೈಲಿ ಹಲವು ಸಲ ಬದಲಾಗುತ್ತದೆ, ಗಾಯಕ ಯಮತ್ಸುಕ ಐ ಅವರ ಕಿರುಚು ಮೇಲೆ ಬಂದು ಬೀಳುತ್ತದೆ. ಸ್ಯಾಕ್ಸೋಫೋನ್ ವಾದಕ ಜಾನ್ ಝೋರ್ನ್ ಕಟ್ಟಿದ ಈ ತಂಡದಲ್ಲಿ ಗಿಟಾರ್ ನುಡಿಸಿದವರು ಬಿಲ್ ಫ್ರಿಸೆಲ್, ಕೀಬೋರ್ಡ್ ವೇಯ್ನ್ ಹಾರ್ವಿಟ್ಸ್, ಡ್ರಮ್ ಜೋಯಿ ಬ್ಯಾರನ್. ಸ್ವತಃ ಹೆಸರಾಂತ ಗಿಟಾರ್ ವಾದಕರಾದ ಫ್ರೆಡ್ ಫ್ರಿತ್ ಇಲ್ಲಿ ಬೇಸ್ ಹಿಡಿದರು. ಇದೇ ಸಂಗೀತವನ್ನು ಕ್ಯಾನ್ ತಂಡದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಮುಖ್ಯ ವ್ಯತ್ಯಾಸ ಹೊಳೆಯುತ್ತದೆ. ಚುಕಾಯ್ ಮತ್ತು ಮಸೆರೋ ಕತ್ತರಿಯಿಂದ ಮಾಡಿದ ಕೆಲಸವನ್ನು ಝೋರ್ನ್ ತಂಡ ಬಾಯಿ, ಬೆರಳು, ಕೋಲುಗಳಿಂದ, ವೇದಿಕೆಯ ಮೇಲೆ ಎಲ್ಲರ ಕಣ್ಣೆದುರಿಗೆ ಮಾಡಿತು. ಐವರು ಒಂದೇ ಕ್ಷಣದಲ್ಲಿ ವೇಗ, ಬಲ, ಶ್ರುತಿ, ಮನೋಭಾವ ನಾಲ್ಕನ್ನೂ ಬಿಟ್ಟು ಬೇರೆ ನಾಲ್ಕಕ್ಕೆ ನೆಗೆಯುವಾಗ ಒಬ್ಬನಾದರೂ ಕ್ಷಣದ ಸಣ್ಣ ಪಾಲಿನಷ್ಟು ತಡಮಾಡಿದರೆ ಇಡೀ ರಚನೆ ನಗೆಪಾಟಲಾಗುತ್ತದೆ. ಬ್ಯಾರನ್ ಅವರ ಡ್ರಮ್ಮನ್ನು ಮಾತ್ರ ಹಿಡಿದು ಒಂದು ಸಲ ಕೇಳಿ. ಸ್ವಿಂಗ್ ಎಂಬ ಜಾಝ್‌ನ ತೂಗುನಡೆ ಬಂದಾಗ ಅವರು ಸ್ವಿಂಗನ್ನು ನಟಿಸುವುದಿಲ್ಲ, ನಿಜವಾಗಿ ನುಡಿಸುತ್ತಾರೆ. ಅದು ನಾಲ್ಕೇ ಮಾತ್ರೆಗಳಷ್ಟು ಇದ್ದರೂ ಸರಿ. ಶೈಲಿಯ ವಿಡಂಬನೆಯಾಗಿದ್ದರೆ ಇಷ್ಟು ಪ್ರೀತಿ ಬೇಕಾಗಿರಲಿಲ್ಲ. ಅದೇ ಧ್ವನಿಮುದ್ರಿಕೆಯಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ನರ ಹಳೆಯ ವಿಷಾದದ ರಾಗವನ್ನು ಅವರು ಮರಳಿ ನುಡಿಸಿರುವ ರೀತಿಯನ್ನು ಕೇಳಿದರೆ ಪರಂಪರೆಯ ಬಗ್ಗೆ ಅವರಿಗೆ ಇರುವ ಗೌರವ ಅರಿವಾದೀತು.

ಝೋರ್ನ್ 1984ರಲ್ಲಿ ರೂಪಿಸಿದ 'ಕೋಬ್ರಾ' ಎಂಬ ಆಟದಂಥ ರಚನೆಯಲ್ಲಿ ಯಾವ ಸ್ವರ ನುಡಿಸಬೇಕೆಂದು ಎಲ್ಲಿಯೂ ಬರೆದಿಲ್ಲ. ಯಾರು ಯಾವಾಗ ನುಡಿಸಬೇಕು, ಯಾವಾಗ ಬದಲಿಸಬೇಕು, ಕೇಳಿದ್ದನ್ನು ಯಾವಾಗ ನೆನಪಿನಿಂದ ಮರಳಿ ತರಬೇಕು ಎಂಬ ನಿಯಮಗಳಿವೆ. ವಾದಕರು ಕೈಸನ್ನೆಯಿಂದ ಕೋರುತ್ತಾರೆ, ನಡುವೆ ಕುಳಿತ ಸೂಚಕ ಬಣ್ಣದ ಚೀಟಿ ಎತ್ತಿ ತೋರಿಸುತ್ತಾನೆ. ಪ್ರಕಾರಗಳನ್ನು ದಾಟುವುದೆಂದರೆ ನಿಯಮಗಳನ್ನು ಕೈಬಿಡುವುದು ಎಂದು ತಾವು ಭಾವಿಸಿರುವಂತಿದೆ. ನಾನು ಕಂಡಂತೆ ಅಲ್ಲಿ ನಿಯಮಗಳು ಹೆಚ್ಚುತ್ತವೆ, ಸ್ವರದಿಂದ ಹೊರಟು ಸಂಬಂಧಗಳ ಮೇಲೆ ಹೋಗಿ ಕೂರುತ್ತವೆ.

ಆದರೂ ನೇಕೆಡ್ ಸಿಟಿಯ ಸಂಗೀತ ಕಿವಿಗೆ ವಿಶ್ರಾಂತಿ ಕೊಡುವುದಿಲ್ಲ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಧ್ವನಿಮುದ್ರಿಕೆಯನ್ನು ಒಂದೇ ಸಲಕ್ಕೆ ಕೊನೆಯವರೆಗೆ ಕೇಳುವುದು ಆಯಾಸದ ಕೆಲಸ, ಮತ್ತು ಅತಿಯಾದ ವೇಗ ಅದರಲ್ಲಿನ ಕೆಲವು ರಚನೆಗಳನ್ನು ಬಡವಾಗಿಸಿದೆ ಎಂಬುದು ನನ್ನ ಎಣಿಕೆ. ಈ ಸಂಗೀತದ ಬಾಗಿಲಲ್ಲಿ ಮೊದಲು ಅದನ್ನೇ ಇಡುವುದಕ್ಕಿಂತ ಹ್ಯಾಸೆಲ್ ಅವರನ್ನೋ ಕ್ಯಾನ್ ತಂಡವನ್ನೋ ಇಡುವುದು ಹೊಸ ಕೇಳುಗರಿಗೆ ಒಳಿತು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು. ಈನೋ ಮತ್ತು ರಾಕ್ ಗಾಯಕ ಡೇವಿಡ್ ಬರ್ನ್ 1981ರಲ್ಲಿ ತಂದ 'ಮೈ ಲೈಫ್ ಇನ್ ದ ಬುಷ್ ಆಫ್ ಗೋಸ್ಟ್ಸ್' ಧ್ವನಿಮುದ್ರಿಕೆಯಲ್ಲಿ ರೇಡಿಯೋ ಬೋಧಕರ, ಗಾಯಕರ ದನಿಗಳನ್ನು ಎತ್ತಿಕೊಂಡು ಲಯದ ಮೇಲೆ ಕೂರಿಸಿದ್ದಾರೆ. ಕುರಾನ್ ಪಠಣದ ಮುದ್ರಣವನ್ನು ಬಳಸಿದ ಒಂದು ಭಾಗಕ್ಕೆ ಆಕ್ಷೇಪ ಬಂದು, ನಂತರದ ಮುದ್ರಣಗಳಿಂದ ಅದನ್ನು ಕೈಬಿಡಲಾಯಿತು. ಆ ಆಕ್ಷೇಪ ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಅಲ್ಲಿ ಪಠಿಸುವವರಿಂದ ಕಲಿತದ್ದೇನೂ ಇರಲಿಲ್ಲ, ಅವರ ದನಿಯನ್ನು ಬಳಸಿಕೊಂಡದ್ದು ಮಾತ್ರ ಇತ್ತು. ಪ್ರಾಣನಾಥರ ಎದುರು ಕುಳಿತು ಕಲಿತ ಹ್ಯಾಸೆಲ್ ಅವರಿಗೂ ಇದಕ್ಕೂ ಇರುವ ಅಂತರ, ನಾನು ಆರಂಭದಿಂದ ಹೇಳುತ್ತಿರುವ ದನಿ ಮತ್ತು ಶಿಸ್ತುಗಳ ಅಂತರವೇ. ಶಿಸ್ತನ್ನು ಪಡೆಯಬೇಕಾದರೆ ಅದನ್ನು ಬಲ್ಲವರ ಹತ್ತಿರ ಹೋಗಬೇಕು, ಅವರಿಗೆ ಋಣಿಯಾಗಬೇಕು. ದನಿಯನ್ನು ಯಾರನ್ನೂ ಭೇಟಿಯಾಗದೆಯೇ ಒಯ್ಯಬಹುದು.

ಇದರ ಇನ್ನೊಂದು ಮಗ್ಗುಲನ್ನೂ ಕಾಣಬೇಕು. ಷಿಕಾಗೋದ ದಕ್ಷಿಣ ಭಾಗದಲ್ಲಿ 1965ರಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮೊದಲಾದ ಕಪ್ಪು ಸಂಗೀತಗಾರರು ಎಎಸಿಎಂ ಎಂಬ ಸಂಘವನ್ನು ಕಟ್ಟಿ, ಸ್ವಂತ ರಚನೆಗಳನ್ನು ನುಡಿಸುವುದನ್ನೇ ತಮ್ಮ ಧ್ಯೇಯ ಮಾಡಿಕೊಂಡರು. ಆ ಸಂಘದ ಆಂಥನಿ ಬ್ರ್ಯಾಕ್ಸ್‌ಟನ್ 1971ರಲ್ಲಿ ಬೇರಾವ ವಾದ್ಯದ ನೆರವೂ ಇಲ್ಲದೆ ಒಂದೇ ಆಲ್ಟೋ ಸ್ಯಾಕ್ಸೋಫೋನಿನ ಎರಡು ತಟ್ಟೆಗಳಷ್ಟು ಸಂಗೀತವನ್ನು ಹೊರತಂದರು, ಅದರಲ್ಲಿ ಒಂದು ರಚನೆಯನ್ನು ಪ್ರಯೋಗಶೀಲ ರಚನಕಾರ ಜಾನ್ ಕೇಜ್ ಅವರಿಗೆ ಅರ್ಪಿಸಿದರು. ಝೋರ್ನ್ ಸ್ಯಾಕ್ಸೋಫೋನ್ ಹಿಡಿಯಲು ಆ ಧ್ವನಿಮುದ್ರಿಕೆಯೇ ಪ್ರೇರಣೆಯಾಯಿತು. ಆದರೆ ಯೂರೋಪಿನ ರಚನಾಸಂಗೀತದಲ್ಲಿ ತರಬೇತಾದ ಬಿಳಿಯರು ಜಾಝ್‌ನಿಂದ ತೆಗೆದುಕೊಂಡಾಗ ಅದನ್ನು ಮುಂಚೂಣಿಯ ಪ್ರಯೋಗವೆಂದು ಕೊಂಡಾಡಿದ ಲೋಕವೇ, ಬ್ರ್ಯಾಕ್ಸ್‌ಟನ್ ಅವರಂಥವರು ಆ ರಚನಾಸಂಗೀತದ ಕಡೆಗೆ ನಡೆದಾಗ ಇದು ಜಾಝ್ ಹೌದೇ ಎಂದು ಕೇಳಿತು. ಪ್ರಕಾರಗಳ ಗೋಡೆಗಳನ್ನು ಸ್ವರಶಾಸ್ತ್ರವೊಂದೇ ಕಟ್ಟಿಲ್ಲ. ಅಂಗಡಿಯ ಕಪಾಟು, ರೇಡಿಯೋದ ವೇಳಾಪಟ್ಟಿ, ಯಾರಿಗೆ ಯಾವ ಸಭಾಂಗಣದ ಬಾಗಿಲು ತೆರೆದಿತ್ತು ಎಂಬ ಇತಿಹಾಸ ಇವೆಲ್ಲ ಸೇರಿ ಕಟ್ಟಿವೆ. ಹೀಗಾಗಿ ಗಡಿ ದಾಟುವುದನ್ನು ಸ್ವೇಚ್ಛೆ ಎಂದು ಕರೆಯುವ ಮೊದಲು ಆ ಗಡಿ ಯಾರ ಅನುಕೂಲಕ್ಕೆ ಎಳೆದದ್ದು ಎಂದು ಕೇಳುವುದು ನ್ಯಾಯ. ಷಿಕಾಗೋದ ಈ ಸಂಗೀತಗಾರರ ವಿಷಯದಲ್ಲಿ ನಮ್ಮ ಪತ್ರಿಕೆ ಇನ್ನೂ ಹೆಚ್ಚು ಬರೆಯಬೇಕಾಗಿದೆ, ಬರೆಯುತ್ತದೆ.

ಅಂಕಣವನ್ನು ನಿಲ್ಲಿಸಬೇಕೆಂಬ ತಮ್ಮ ಕೋರಿಕೆಯನ್ನು ಈ ಕಾರಣಗಳಿಂದ ಒಪ್ಪಲಾರೆ. ಅದರ ಬದಲು, ಅಂಕಣಕಾರರಿಗೆ ಒಂದು ಷರತ್ತನ್ನು ತಿಳಿಸಿದ್ದೇನೆ: ಎರಡು ಪ್ರಕಾರಗಳು ಸೇರಿವೆ ಎಂದು ಬರೆದಲ್ಲೆಲ್ಲ, ಒಂದು ಇನ್ನೊಂದರಿಂದ ಏನನ್ನು ಕಲಿತಿತು, ಅದಕ್ಕಾಗಿ ಏನನ್ನು ಬಿಟ್ಟಿತು ಎಂಬುದನ್ನು ಕೇಳುಗರು ಪರೀಕ್ಷಿಸಿ ನೋಡಬಹುದಾದಷ್ಟು ಸ್ಪಷ್ಟವಾಗಿ ವಿವರಿಸಬೇಕು. ಕಳೆದ ಸಂಚಿಕೆಯ ಲೇಖನದಲ್ಲಿ ಹೊಗಳಿಕೆ ಇತ್ತು, ಈ ವಿವರಣೆ ಸಾಲದಾಗಿತ್ತು ಎಂಬುದು ತಮ್ಮ ಪತ್ರದಿಂದ ಖಚಿತವಾಯಿತು. ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಹ್ಯಾಸೆಲ್ ಅವರ ಯಾವುದಾದರೊಂದು ಧ್ವನಿಮುದ್ರಿಕೆಯನ್ನೂ 'ಇನ್ ಎ ಸೈಲೆಂಟ್ ವೇ'ಯ ಎರಡನೆಯ ಬದಿಯನ್ನೂ ಕೇಳಿ, ಒಪ್ಪಿಗೆಯಾಗದಿದ್ದರೆ ಎಲ್ಲಿ, ಏಕೆ ಎಂದು ಇಷ್ಟೇ ನಿಷ್ಠುರವಾಗಿ ಬರೆಯಿರಿ. ಆ ಪತ್ರವನ್ನು ಒಂದು ಸಾಲನ್ನೂ ಕಡಿಮೆ ಮಾಡದೆ ಪ್ರಕಟಿಸುತ್ತೇವೆ.

— ಸಂಪಾದಕ